ಹಿತ್ತಲಿಗೆ ಬಂದ ಹೊಸ ನೆಂಟರು



ಬೆಳಗಾವಿಯಿಂದ ಖಾನಾಪುರದ ಕಡೆಗೆ ರೈಲಿನಲ್ಲಿ ಹೊರಟರೆ ದೇಸೂರ ನಿಲ್ದಾಣ ಸಿಗುತ್ತದೆ. ಮಳೆಗಾಲದಲ್ಲಿ ಈ ಭಾಗದ ಹೊಲಗಳನ್ನು ಗಮನಿಸಿ. ತಗ್ಗಿನಲ್ಲಿ ಭತ್ತ. ನೀರು ನಿಲ್ಲದ ಕೆಂಪು ನೆಲದಲ್ಲಿ ಗೆಣಸಿನ ಬಳ್ಳಿ, ಬಟಾಟಿ ಗಿಡ. ಇಲ್ಲಿಯ ಗೆಣಸು ಉತ್ತರ ಭಾರತದ ಮಾರುಕಟ್ಟೆಗಳಿಗೂ ಹೋಗುತ್ತದೆ. ಆದರೆ ಇವೆರಡೂ ನಮ್ಮ ನೆಲದಲ್ಲಿ ಹುಟ್ಟಿದವಲ್ಲ, ಅಮೆರಿಕ ಖಂಡದವು.

ಕೊಲಂಬಸನು ಆ ಕಡೆ ತಲುಪಿದ್ದು 1492ರಲ್ಲಿ. ಪೋರ್ಚುಗೀಸರು ಬಿಜಾಪುರದವರಿಂದ ಗೋವೆಯನ್ನು ಕಸಿದುಕೊಂಡದ್ದು 1510ರಲ್ಲಿ. ಗೋವೆಗೂ ಬೆಳಗಾವಿಗೂ ನಡುವೆ ಇರುವುದು ಒಂದು ಘಟ್ಟ ಮಾತ್ರ. ಮೆಣಸಿನಕಾಯಿಯೂ ಪೋರ್ಚುಗೀಸರ ಹಡಗುಗಳಲ್ಲೇ ನಮ್ಮ ದೇಶಕ್ಕೆ ಬಂದಿತು.

ಇದಕ್ಕೆ ಸಾಕ್ಷಿ ಏನು ಎಂದು ನೀವು ಕೇಳಬೇಕು. ಒಂದು ಸಾಕ್ಷಿ ನಿಮ್ಮ ನಾಲಿಗೆಯ ಮೇಲೆಯೇ ಇದೆ. ‘ಬಟಾಟ’ ಎಂಬುದು ಕೆರಿಬಿಯನ್ ದ್ವೀಪವಾಸಿಗಳು ಸಿಹಿಗೆಣಸಿಗೆ ಇಟ್ಟಿದ್ದ ಹೆಸರು. ಪೋರ್ಚುಗೀಸರು ಅದನ್ನು ಆಲೂಗಡ್ಡೆಗೂ ಅಂಟಿಸಿದರು. ಅದೇ ಮಾತು ಮರಾಠಿಗೂ ನಮ್ಮ ಉತ್ತರ ಕರ್ನಾಟಕದ ಕನ್ನಡಕ್ಕೂ ಇಳಿಯಿತು.

ಆದರೆ ಹೆಸರು ಮೋಸವನ್ನೂ ಮಾಡುತ್ತದೆ! ‘ಗೆಣಸು’ ಅಚ್ಚಗನ್ನಡ ಪದ. ನಮ್ಮ ಕಾಡುಗಳ ಹೆಗ್ಗೆಣಸು, ತುಪ್ಪಗೆಣಸುಗಳಿಗೆ ಮೊದಲಿನಿಂದ ಇದ್ದ ಹೆಸರನ್ನೇ ಜನ ಹೊಸ ಗಡ್ಡೆಗೂ ಕೊಟ್ಟರು. ಮೆಣಸಿನ ಖಾರವನ್ನೇ ಹೋಲುವ ಹೊಸ ಕಾಯಿ ಮೆಣಸಿನಕಾಯಿಯಾಯಿತು. ಆದ್ದರಿಂದ ಹಳೆಯ ಕಾವ್ಯದಲ್ಲಿ ಗೆಣಸು ಎಂದು ಓದಿದ ಕೂಡಲೇ ಸಿಹಿಗೆಣಸು ಎಂದು ತೀರ್ಮಾನಿಸಬೇಡಿ. ಪದ ಹಳೆಯದಿರಬಹುದು, ಪದಾರ್ಥ ಹೊಸದು.

ಹೊಸ ಗಿಡವನ್ನು ಹಿತ್ತಲಿಗೆ ಹಾಕುವುದು ಆಗ ಧೈರ್ಯದ ಕೆಲಸ. ಯಾವ ಭಾಗ ತಿನ್ನಬೇಕೆಂದು ಗಿಡ ಹೇಳುವುದಿಲ್ಲ. ಗೆಣಸಿನ ಎಲೆಯನ್ನು ಪಲ್ಯ ಮಾಡಬಹುದು. ಆಲೂಗಡ್ಡೆಯ ಎಲೆ, ಕಾಯಿ, ಬಿಸಿಲಿಗೆ ಹಸಿರಾದ ಗಡ್ಡೆ ಇವುಗಳಲ್ಲಿ ಸೋಲನೈನ್ ಎಂಬ ವಿಷವಿದೆ. ಇಂಥದನ್ನೆಲ್ಲ ಯಾರೋ ಹೆಸರಿಲ್ಲದ ಗೃಹಿಣಿಯರು, ರೈತರು ನೋಡಿ, ಕೇಳಿ, ಕೆಲವೊಮ್ಮೆ ಹೊಟ್ಟೆನೋವು ಅನುಭವಿಸಿ ಕಲಿತಿರಬೇಕು.

ಸೀಮೆಬದನೆಯ ಕಥೆ ಇನ್ನೂ ಸ್ವಾರಸ್ಯ. ಅದನ್ನು ಬೆಂಗಳೂರಿಗೆ ತಂದ ಕೀರ್ತಿ 1874ರಿಂದ 1908ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರಾನ್ ಅವರದು. ಕಾಯಿಗೆ ಒಂದೇ ಬೀಜ, ಒಣಗಿಸಿದರೆ ಸಾಯುತ್ತದೆ. ಹೀಗಾಗಿ ಬೀಜವನ್ನು ಪೊಟ್ಟಣದಲ್ಲಿ ಕಳಿಸುವಂತಿಲ್ಲ, ಇಡೀ ಕಾಯಿಯನ್ನೇ ನೆಡಬೇಕು. ತಮಿಳರು ಇದನ್ನು ‘ಬೆಂಗಳೂರು ಕತ್ತರಿಕಾಯಿ’ ಎನ್ನುತ್ತಾರೆ. ನಮಗೆ ಅದು ಸೀಮೆಯದು, ಅವರಿಗೆ ಬೆಂಗಳೂರಿನದು!

ಅಡುಗೆಮನೆಯೂ ಒಂದು ದಫ್ತರಖಾನೆ. ಶ್ರಾದ್ಧದ ಅಡುಗೆಗೆ ಆಲೂಗಡ್ಡೆ, ಎಲೆಕೋಸು, ಟೊಮ್ಯಾಟೊ ಸಲ್ಲದು ಎನ್ನುವ ಮನೆಗಳು ಇಂದಿಗೂ ಇವೆ. ವಿಚಿತ್ರವೆಂದರೆ, ಏಕಾದಶಿಯ ಉಪವಾಸಕ್ಕೆ ಇದೇ ಬಟಾಟಿ, ಇದೇ ಗೆಣಸು ನಡೆಯುತ್ತವೆ. ನಿಮ್ಮ ಅಜ್ಜಿಯನ್ನು ಕೇಳಿ ಎರಡೂ ಪಟ್ಟಿಗಳನ್ನು ಬರೆದುಕೊಳ್ಳಿ. ಪಕ್ಕದ ಮನೆಯವರ ಪಟ್ಟಿಯೂ ಇರಲಿ. ಎರಡು ಮನೆಗಳ ಪಟ್ಟಿ ಒಂದೇ ಆಗಿರುವುದು ಅಪರೂಪ.