ಕಲ್ಲಿನ ಬಳ್ಳಿಯೂ ಬರಿಯ ಗೋಡೆಯೂ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಹೋದವರು ಆನೆಗಳನ್ನು ನೋಡಿ ಬೆರಗಾಗುತ್ತಾರೆ. ಬಳ್ಳಿಯ ಮುಂದೆ ನಿಲ್ಲುವವರು ವಿರಳ. ಗೋಡೆಯ ಬುಡದಿಂದ ಮೇಲಕ್ಕೆ ಎಂಟು ಪಟ್ಟಿಕೆಗಳಿವೆ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಎರಡು ಸಲ ಸ್ಥಾನ ಪಡೆದದ್ದು ಬಳ್ಳಿಯೊಂದೇ. ಈ ಗೌರವ ಅದಕ್ಕೇಕೆ?

ಶಿಲ್ಪಿಯ ಕಷ್ಟವನ್ನು ನೆನೆದರೆ ಉತ್ತರ ದೊರೆಯುತ್ತದೆ. ಇಲ್ಲಿಯ ಗೋಡೆ ನೇರವಾಗಿಲ್ಲ. ಹೆಜ್ಜೆ ಹೆಜ್ಜೆಗೂ ಮಡಿಕೆಗೊಂಡು ಮೂಲೆಗಳಾಗಿ ಒಡೆಯುತ್ತದೆ. ಅಲೆಯಂತೆ ಏಳುತ್ತ ಬೀಳುತ್ತ ಸಾಗುವ ಬಳ್ಳಿಯ ಕಾಂಡ ಈ ಮೂಲೆಗಳನ್ನು ಸಲೀಸಾಗಿ ದಾಟುತ್ತದೆ. ಪ್ರತಿ ಅಲೆಯ ಒಡಲಲ್ಲಿ ಒಂದು ಸುರುಳಿ; ಸುರುಳಿಯೊಳಗೆ ಎಲೆ, ಕುಡಿ, ಕೆಲವೆಡೆ ಪುಟ್ಟ ನರ್ತಕಿ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಇಂಥ ನಯವಾದ ಕೆಲಸಕ್ಕೆ ಒದಗಿಬಂದಿತು.

1117ರ ಬೇಲೂರಿನಲ್ಲಿ ಮದನಿಕೆಯರ ತಲೆಯ ಮೇಲೆ ಎಲೆಬಳ್ಳಿಗಳ ಚಪ್ಪರ. ಹದಿಮೂರನೆಯ ಶತಮಾನದ ಸೋಮನಾಥಪುರದ ಛತ್ತಿನಲ್ಲಿ ಬಾಳೆಯ ಮೊಗ್ಗು. ಒಟ್ಟುಗೂಡಿಸಿದರೆ ಇದು ಕಲ್ಲಿನಲ್ಲಿ ಬೆಳೆದ ಒಂದು ಉದ್ಯಾನವೇ ಸರಿ. ಆದರೆ ಲಾಲ್‌ಬಾಗಿನ ಮರಕ್ಕೆ ಹೆಸರಿನ ಫಲಕ ತೂಗುಹಾಕಿದಂತೆ ಹಳೇಬೀಡಿನ ಬಳ್ಳಿಗೆ ಹೆಸರಿಡಲಾಗದು. ಶಿಲ್ಪಿ ಗಿಡದ ಪ್ರತಿಯನ್ನು ಬಿಟ್ಟು ಅದು ಬೆಳೆಯುವ ಬಗೆಯನ್ನು ಹಿಡಿದನು.

ಹಾಗಾದರೆ ಹೊಯ್ಸಳ ಶಿಲ್ಪಿಗೆ ಬರಿದಾದ ಜಾಗವೇ ಸಹಿಸುತ್ತಿರಲಿಲ್ಲವೆ? ಹಾಗೆ ಹೇಳುವ ವಿಮರ್ಶಕರುಂಟು. ಅವರು ಅಲ್ಲಿಂದ ಸ್ವಲ್ಪವೇ ದೂರದ ಬಸ್ತಿಹಳ್ಳಿಗೆ ಬರಬೇಕು. ಇಲ್ಲಿರುವ ಮೂರು ಬಸದಿಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಸ್ಮರಣೆಗಾಗಿ ಅವನ ಮಗ ಬೊಪ್ಪದೇವನು 1133ರಲ್ಲಿ ಕಟ್ಟಿಸಿದನು. ಹೊರಗೋಡೆಯಲ್ಲಿ ಆನೆಯ ಸಾಲಿಲ್ಲ, ಬಳ್ಳಿಯ ಸುರುಳಿಯಿಲ್ಲ. ಒಳಹೊಕ್ಕರೆ ಮುಖ ಕಾಣುವಷ್ಟು ನುಣುಪಾದ ಕಂಬಗಳು.

ಅದೇ ರಾಜಧಾನಿ, ಅದೇ ಕಾಲ, ಅದೇ ಬಗೆಯ ಕಲ್ಲು. ಇಲ್ಲಿ ಗೋಡೆ ಬರಿದಾಗಿದ್ದರೆ ಅದಕ್ಕೆ ಕೈಯ ಬಡತನ ಕಾರಣವಲ್ಲ. ಎಲ್ಲಿ ಬಳ್ಳಿ ಹಬ್ಬಿಸಬೇಕು, ಎಲ್ಲಿ ಉಳಿಯನ್ನು ಕೆಳಗಿಡಬೇಕು ಎಂಬ ವಿವೇಕ ಆ ಕಾಲಕ್ಕಿತ್ತು.

2023ರಲ್ಲಿ ಹೊಯ್ಸಳೇಶ್ವರ ದೇವಾಲಯವು ಬೇಲೂರು, ಸೋಮನಾಥಪುರಗಳ ದೇವಾಲಯಗಳೊಡನೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಂತೋಷದ ಮಾತೇ. ಆದರೆ ಅದೊಂದನ್ನೇ ನೋಡಿ ಹಿಂದಿರುಗುವವರು ಹೊಯ್ಸಳರ ಅರ್ಧ ಮಾತನ್ನಷ್ಟೇ ಕೇಳಿದಂತಾಯಿತು. ನನ್ನ ವಿದ್ಯಾರ್ಥಿಗಳನ್ನು ನಾನು ಮೊದಲು ಬಸ್ತಿಹಳ್ಳಿಗೇ ಕರೆದೊಯ್ಯುತ್ತೇನೆ. ಬರಿಯ ಗೋಡೆಯನ್ನು ಕಂಡು ಬಂದ ಕಣ್ಣಿಗೆ ಬಳ್ಳಿ ತಾನಾಗಿಯೇ ಕಾಣುತ್ತದೆ.