ಬದಲಾಗುವ ಕುಟುಂಬ, ಬದಲಾಗದ ಹೊಣೆ

ಕುಂದಲಹಳ್ಳಿ ಗೇಟಿನಿಂದ ಕೆರೆಯ ಕಡೆಗೆ ನಡೆದು ಹೋದರೆ ಮೂರು ಬಗೆಯ ಸಂಸಾರಗಳು ಕಣ್ಣಿಗೆ ಬೀಳುತ್ತವೆ. ಹಳೆಯ ಊರಿನ ಮನೆತನವೊಂದು ತನ್ನ ಜಾಗದಲ್ಲಿಯೇ ನಾಲ್ಕು ಅಂತಸ್ತು ಕಟ್ಟಿಸಿ, ಅಂತಸ್ತಿಗೊಬ್ಬ ಸೋದರನಂತೆ ವಾಸವಾಗಿದೆ. ಎದುರಿನ ಅಪಾರ್ಟ್‌ಮೆಂಟಿನಲ್ಲಿ ಗಂಡಹೆಂಡಿರಿಬ್ಬರೂ ಕಂಪನಿಗೆ ಹೋಗುತ್ತಾರೆ. ಮಗುವನ್ನು ನೋಡಿಕೊಳ್ಳಲು ಆರು ತಿಂಗಳು ಅವಳ ತಾಯಿ, ಆರು ತಿಂಗಳು ಅವನ ತಾಯಿ ಊರಿನಿಂದ ಬರುತ್ತಾರೆ. ಖಾಲಿ ನಿವೇಶನದ ತಗಡಿನ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ದಂಪತಿಗಳಿದ್ದಾರೆ. ಅವರ ದೊಡ್ಡ ಮಕ್ಕಳು ಊರಿನಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದಾರೆ.

ಮನೆಗಳನ್ನು ಆಶೀರ್ವದಿಸಲು ಹೋದಾಗಲೆಲ್ಲ ನಾನು ಕೇಳುವ ಮಾತೊಂದಿದೆ: "ಫಾದರ್, ಹಿಂದೆ ಕೂಡುಕುಟುಂಬವಿತ್ತು, ಪ್ರೀತಿಯಿತ್ತು. ಈಗ ಎಲ್ಲವೂ ಒಡೆದುಹೋಯಿತು." ಈ ಮಾತಿನಲ್ಲಿ ನೋವಿದೆ, ಆದರೆ ಪೂರ್ಣ ಚರಿತ್ರೆಯಿಲ್ಲ.

ಹಳೆಯ ಮೈಸೂರು ಸೀಮೆಯನ್ನೇ ನೋಡೋಣ. ಇಲ್ಲಿನ ಹಳ್ಳಿಯ ಬದುಕನ್ನು ಹತ್ತಿರದಿಂದ ಅಭ್ಯಸಿಸಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1952ರಷ್ಟು ಹಿಂದೆಯೇ ಕೂಡುಕುಟುಂಬವೊಂದರ ವ್ಯಾಜ್ಯವನ್ನು ಕುರಿತು ಪ್ರಬಂಧ ಬರೆದರು. ತಂದೆ ಕಣ್ಮುಚ್ಚಿದ ಮೇಲೆ ಅಣ್ಣತಮ್ಮಂದಿರು ಪಾಲಾಗುವುದು, ಒಂದು ಒಲೆ ಮೂರಾಗುವುದು, ಆ ಮೂರೂ ಮತ್ತೆ ತುಂಬಿದ ಮನೆಗಳಾಗಿ ಬೆಳೆಯುವುದು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಕೈಗಾರಿಕೆ ಬಂದುದರಿಂದಲೇ ಎಲ್ಲೆಡೆ ಕುಟುಂಬ ಚಿಕ್ಕದಾಯಿತೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಕಾರ್ಖಾನೆಗಳು ಹುಟ್ಟುವ ಎಷ್ಟೋ ಕಾಲ ಮೊದಲೇ ಇಂಗ್ಲೆಂಡಿನ ಬಹುಪಾಲು ಮನೆಗಳು ತಂದೆ, ತಾಯಿ, ಮಕ್ಕಳ ಸಣ್ಣ ಮನೆಗಳಾಗಿದ್ದವೆಂದು ಪೀಟರ್ ಲ್ಯಾಸ್ಲೆಟ್ ಎಂಬ ಚರಿತ್ರಕಾರರು ಹಳೆಯ ಜನಗಣತಿ ಪಟ್ಟಿಗಳ ಆಧಾರದಿಂದ ತೋರಿಸಿಕೊಟ್ಟರು.

ಘಟ್ಟದ ಕೆಳಗೆ ಇಳಿದರೆ ಕುಟುಂಬದ ರೂಪವೇ ಬೇರೆ. ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನ ಕಟ್ಟು ನಡೆದುಬಂದಿತ್ತು. ಅಲ್ಲಿ ವಂಶವೂ ಆಸ್ತಿಯೂ ಹೆಣ್ಣಿನ ಕಡೆಯಿಂದ ಇಳಿಯುತ್ತಿದ್ದವು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಅವರ ಹೊಣೆ ಸೋದರಮಾವನದು. ಆ ಕಟ್ಟಿನಲ್ಲಿ ಆಸ್ತಿಯ ವಿಭಾಗ ಕೇಳುವ ಹಕ್ಕು 1949ರ ಮದರಾಸು ಅಳಿಯಸಂತಾನ ಕಾಯ್ದೆಯಿಂದ ದೊರೆಯಿತು. ಮುಂದೆ ಕಾಸರಗೋಡಿನ ಕನ್ನಡ, ತುಳು ಮನೆತನಗಳು ಕೇರಳಕ್ಕೆ ಸೇರಿದವು. ಆ ರಾಜ್ಯವು 1975ರ ಕಾಯ್ದೆಯಿಂದ ಹಿಂದೂ ಕೂಡುಕುಟುಂಬ ಪದ್ಧತಿಯನ್ನೇ ರದ್ದುಗೊಳಿಸಿತು. ಕೊಡಗಿನಲ್ಲಾದರೋ ತಂದೆಯ ಕಡೆಯ ಒಕ್ಕವೇ ಮುಖ್ಯ. ಬೇರೆ ಬೇರೆ ಊರುಗಳಲ್ಲಿ ನೆಲೆಸಿದವರೂ ಐನ್‌ಮನೆಯನ್ನು ಮೂಲಮನೆಯೆಂದು ಗೌರವಿಸುತ್ತಾರೆ. ಒಂದೇ ಕನ್ನಡ ನಾಡಿನಲ್ಲಿ, ಒಂದೇ ಕಾಲದಲ್ಲಿ, ಇಷ್ಟು ಬಗೆಯ ಮನೆಗಳು!

ರೂಪ ಬದಲಾಗುವುದು ಬೇರೆ, ಕುಟುಂಬವೇ ಅಳಿಯುವುದು ಬೇರೆ. ಅಂಥ ದುರಂತವನ್ನೂ ಈ ನೆಲ ಕಂಡಿದೆ. 1876ರಿಂದ 1878ರವರೆಗೆ ಕಾಡಿದ ಧಾತು-ಈಶ್ವರ ಬರದಲ್ಲಿ ಮನೆಮನೆಗಳೇ ಬರಿದಾದವು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಅಂದು ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳನ್ನು ಮಿಷನರಿಗಳೂ ಕನ್ಯಾಸ್ತ್ರೀಯರೂ ತಮ್ಮ ಆಶ್ರಮಗಳಲ್ಲಿ ಸಾಕಿದರು. ರಕ್ತಸಂಬಂಧವಿಲ್ಲದವರೂ ಮನೆಯಾಗಬಲ್ಲರೆಂಬುದಕ್ಕೆ ನಮ್ಮ ಧರ್ಮಸಭೆಯ ಚರಿತ್ರೆಯೇ ಸಾಕ್ಷಿ.

ಆ ಬರ ಮುಗಿದ ಕೆಲವೇ ವರ್ಷಗಳಲ್ಲಿ, 1882ರಲ್ಲಿ, ಆಂಗ್ಲೋ ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ವೈಟ್‌ಫೀಲ್ಡ್ ಹುಟ್ಟಿತು. ಸುತ್ತಲಿನ ಹಳ್ಳಿಗಳೂ ಹೊಲ, ಕೆರೆಗಳನ್ನು ನೆಚ್ಚಿ ಬಾಳಿದವು. ಹೊಲವೆಂದರೆ ದುಡಿಮೆ, ದುಡಿಮೆಗೆ ಕೈಗಳು ಬೇಕು, ಕೈಗಳು ಒಟ್ಟಿಗಿರಲು ಒಂದು ಮನೆ ಬೇಕು. 1990ರ ದಶಕದಲ್ಲಿ ಕೈಗಾರಿಕಾ ವಲಯವೂ ಟೆಕ್ ಪಾರ್ಕೂ ಬಂದ ಮೇಲೆ ಹೊಲವು ನಿವೇಶನವಾಯಿತು, ಗುಂಟೆಯ ಲೆಕ್ಕ ಚದರಡಿಗೆ ಇಳಿಯಿತು. 2023ರ ಮಾರ್ಚ್‌ನಲ್ಲಿ ಕುಂದಲಹಳ್ಳಿಗೆ ಮೆಟ್ರೊ ರೈಲೂ ಬಂತು. ದುಡಿಯುವ ಕೈಗಳನ್ನು ಒಟ್ಟುಗೂಡಿಸಿದ್ದ ನೆಲವೇ ಈಗ ಸಹಿ ಹಾಕುವ ಕೈಗಳನ್ನು ಹುಡುಕತೊಡಗಿತು.

ಇಲ್ಲಿಯೇ ನಮ್ಮ ಆತ್ಮಪರೀಕ್ಷೆಗೆ ಎಡೆಯಿದೆ. 1933ರಲ್ಲಿಯೇ ಮೈಸೂರು ಸಂಸ್ಥಾನವು ಹಿಂದೂ ವಿಧವೆಯರಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ವಿಭಾಗದ ವೇಳೆ ಪಾಲು ಕೊಡುವ ಕಾಯ್ದೆ ತಂದಿತು. ಕರ್ನಾಟಕವು 1994ರಲ್ಲಿ, ಕೇಂದ್ರ ಸರಕಾರವು 2005ರಲ್ಲಿ ಆ ಹಕ್ಕನ್ನು ವಿಸ್ತರಿಸಿದವು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡವನ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಭಾಗ. ಉಳಿದುದು ಗಂಡು, ಹೆಣ್ಣು ಮಕ್ಕಳಿಗೆ ಸಮಪಾಲು. ಕಾನೂನು ಹೀಗಿದ್ದರೂ ರೂಢಿ ಹಾಗಿಲ್ಲ. "ಮದುವೆಗೆ ಖರ್ಚು ಮಾಡಿದ್ದೇವಲ್ಲ, ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ಸಹಿ ಹಾಕಿಬಿಡಮ್ಮ" ಎಂದು ತಂಗಿಯನ್ನು ಕರೆಸುವ ಮನೆಗಳು ನಮ್ಮಲ್ಲಿಯೂ ಇವೆ. ಸಹಿ ಹಾಕಿದರೆ ಪಾಲು ಹೋಯಿತು. ಹಾಕದಿದ್ದರೆ ತವರೇ ಹೋಯಿತು. ಇಂಥ ಸಹೋದರಿಯೊಬ್ಬರು ನನ್ನೆದುರು ಕುಳಿತು, "ನನಗೆ ದುಡ್ಡು ಬೇಡ ಫಾದರ್, ಆದರೆ ನನ್ನನ್ನು ಕೇಳಬೇಕಾಗಿತ್ತು" ಎಂದು ಅತ್ತದ್ದನ್ನು ನಾನು ಮರೆಯಲಾರೆ. ಕೂಡುಕುಟುಂಬವನ್ನು ಹೊಗಳುವಾಗ ಆ ಮನೆಯಲ್ಲಿ ಮಾತಿಗೆ ಎಡೆಯಿಲ್ಲದೆ ಬಾಳಿದವರನ್ನೂ ನೆನೆಯಬೇಕು.

ಪವಿತ್ರ ಗ್ರಂಥವು ಈ ಕಣ್ಣೀರನ್ನು ಅರಿಯದ ಗ್ರಂಥವಲ್ಲ. ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ಗಂಡುಮಕ್ಕಳಿಲ್ಲದ ತಮ್ಮ ತಂದೆಯ ಸ್ವಾಸ್ತ್ಯವನ್ನು ತಮಗೆ ಕೊಡಬೇಕೆಂದು ಕೇಳಿದರು. ಅವರ ಮಾತು ನ್ಯಾಯವಾದುದೆಂದು ದೇವರೇ ತೀರ್ಪಿತ್ತರು. ಗಂಡನನ್ನು ಕಳೆದುಕೊಂಡ ಮೋವಾಬಿನ ರೂತಳು ಅತ್ತೆ ನವೊಮಿಯನ್ನು ಕೈಬಿಡಲಿಲ್ಲ. ಯೇಸುಸ್ವಾಮಿ ಶಿಲುಬೆಯ ಮೇಲಿನಿಂದ ತಮ್ಮ ತಾಯಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದರು. ಅವನು ಆಕೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದನೆಂದು ಸಂತ ಯೊವಾನ್ನರು ಬರೆಯುತ್ತಾರೆ. ಮನೆಯ ಆಕಾರವನ್ನಲ್ಲ, ಅಲ್ಲಿ ಯಾರನ್ನು ಸೇರಿಸಿಕೊಂಡೆವು, ಯಾರನ್ನು ಹೊರಗಿಟ್ಟೆವು ಎಂಬುದನ್ನು ದೇವರು ನೋಡುತ್ತಾರೆ.

ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವದಿನವನ್ನು ಸ್ಥಾಪಿಸಿ, ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅದಕ್ಕೆ ಮೀಸಲಿಟ್ಟರು. ಆ ದಿನದ ಬಲಿಪೂಜೆಯಲ್ಲಿ ಹಿರಿಯರಿಗೆ ಹೂ ಕೊಟ್ಟರೆ ಸಾಲದು. ಮೊಮ್ಮಗುವನ್ನು ನೋಡಿಕೊಳ್ಳಲು ಬಂದ ತಾಯಿಗೆ ತನ್ನ ಊರು, ತನ್ನ ನೆರೆಹೊರೆಯ ನೆನಪಾಗುವುದಿಲ್ಲವೇ ಎಂದು ಕೇಳೋಣ. ಶೆಡ್ಡಿನ ದಂಪತಿಗಳು ಊರಿನಲ್ಲಿ ಬಿಟ್ಟುಬಂದ ಮಕ್ಕಳ ಹೆಸರನ್ನಾದರೂ ವಿಚಾರಿಸೋಣ. ಕಾಗದಕ್ಕೆ ತಂಗಿಯ ಸಹಿ ಕೇಳುವ ಮುನ್ನ ಅವಳ ಮಾತು ಕೇಳೋಣ.

ನಮ್ಮ ಅಜ್ಜಂದಿರ ಮನೆಯನ್ನು ನಾವು ಮತ್ತೆ ಕಟ್ಟಲಾರೆವು, ಕಟ್ಟಬೇಕಾಗಿಯೂ ಇಲ್ಲ. ಇರುವ ಎರಡು ಕೋಣೆಯ ಮನೆಯಲ್ಲಿ ಇನ್ನೊಬ್ಬರಿಗೆ ಚಾಪೆ ಹಾಸುವಷ್ಟು ಜಾಗ ಉಳಿಸಿಕೊಂಡರೆ, ಆ ಮನೆ ದೊಡ್ಡದೇ.