ಹಳೆಯ ಪ್ರತಿಯ ಕಾಟ

ಕೇಂದ್ರ ಸರಕಾರದ ಕಚೇರಿಯಲ್ಲಿ ವರ್ಷಗಟ್ಟಲೆ ಕಾಗದ ತಿರುವಿದವನಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಹೊಸ ಸುತ್ತೋಲೆ ಹೊರಡಿಸುವುದು ಸುಲಭ, ಹಳೆಯದನ್ನು ಮೇಜುಗಳಿಂದ ಎಬ್ಬಿಸುವುದು ಕಷ್ಟ. ನಮ್ಮ ವಿಭಾಗದಲ್ಲಿ ಕಂಪ್ಯೂಟರಿನಲ್ಲೇ ತುಂಬುವ ನಮೂನೆಯೊಂದಿದೆ. ಅದರಲ್ಲಿ ಮೊತ್ತ ಕೂಡುವ ಕ್ರಮವನ್ನು ಒಮ್ಮೆ ತಿದ್ದಿದರು. ಪಕ್ಕದ ಮೇಜಿನವರಿಗೆ ಹೊಸ ಮೊತ್ತ ಬಂತು. ನನಗೆ ಎರಡು ದಿನ ಹಳೆಯದೇ. ಒಂದೇ ಕಡತಕ್ಕೆ ಎರಡು ಲೆಕ್ಕ! ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಬಂದು ಕಂಟ್ರೋಲ್ ಮತ್ತು ಎಫ್-5 ಒಟ್ಟಿಗೆ ಒತ್ತಿದ; ಮೊತ್ತ ಸರಿಹೋಯಿತು. ಬಿ.ಎಸ್ಸಿ. ಓದಿದ ತಲೆ ಸುಮ್ಮನಿರಲಿಲ್ಲ, ಕಾರಣ ಹುಡುಕಿತು. ಅದರ ಹಿಂದೆ ಒಂದು ಇತಿಹಾಸವೇ ಇದೆ.

ನಾವು ನೋಡುವ ವೆಬ್ ಪುಟ ಒಂದೇ ಕಾಗದವಲ್ಲ. ಬಣ್ಣ, ಅಕ್ಷರದ ಗಾತ್ರ, ಅಂಚು ಇವನ್ನೆಲ್ಲ ಹೇಳುವುದು ಸ್ಟೈಲ್‌ಶೀಟು. ಹಾಕೋನ್ ವಿಯುಮ್ ಲೀ ಎಂಬವರು 1994ರಲ್ಲಿ ಸೂಚಿಸಿದ್ದು. ಕೂಡುವ, ಕಳೆಯುವ, ಎಚ್ಚರಿಸುವ ಕೆಲಸ ಜಾವಾಸ್ಕ್ರಿಪ್ಟಿನದು. ಬ್ರೆಂಡನ್ ಐಕ್ 1995ರಲ್ಲಿ ಅದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಬರೆದರು. ಈ ಫೈಲುಗಳು ಬೇರೆ ಬೇರೆಯಾಗಿ ಸರ್ವರಿನಿಂದ ಬರುತ್ತವೆ. ಪ್ರತಿ ಸಲ ತರಿಸುವುದು ದಂಡವೆಂದು ಬ್ರೌಸರ್ ಒಂದು ಪ್ರತಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮತ್ತೆ ಅದೇ ಹೆಸರು ಕೇಳಿದರೆ ಇಟ್ಟುಕೊಂಡದ್ದನ್ನೇ ಕೊಡಬಹುದು. ನನಗೆ ಆದದ್ದು ಇದೇ.

ಇನ್ನೊಂದು ತೊಡಕೂ ಇತ್ತು. ಬ್ರೌಸರ್ ಒಂದು ಸರ್ವರಿನೊಡನೆ ಎರಡಕ್ಕಿಂತ ಹೆಚ್ಚು ಸಂಪರ್ಕ ಇಟ್ಟುಕೊಳ್ಳಬಾರದೆಂದು 1999ರ ಎಚ್‌ಟಿಟಿಪಿ ನಿಯಮಾವಳಿ ಸಲಹೆ ಮಾಡಿತ್ತು. ಇಪ್ಪತ್ತು ಫೈಲಿದ್ದರೆ ರೇಷನ್ ಅಂಗಡಿಯ ಸಾಲೇ ಸರಿ.

ಈ ಎರಡು ತೊಡಕುಗಳನ್ನು ಜನ ಹೇಗೆ ನಿಭಾಯಿಸಿದರೆಂಬುದು ರೂಬಿ ಭಾಷೆಯ ‘ರೈಲ್ಸ್’ ಎಂಬ ಚೌಕಟ್ಟಿನ ಕಥೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಡೆನ್ಮಾರ್ಕಿನ ಡೇವಿಡ್ ಹೈನೆಮೈಯರ್ ಹಾನ್ಸನ್ 2004ರಲ್ಲಿ ಅದನ್ನು ಹೊರತಂದಾಗ ಫೈಲುಗಳೆಲ್ಲ ‘ಪಬ್ಲಿಕ್’ ಎಂಬ ಕಪಾಟಿನಲ್ಲಿ ಹಾಗೆಯೇ ಬಿದ್ದಿರುತ್ತಿದ್ದವು. ಮುಂದೆ ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಫೈಲು ತಿದ್ದಿದ ಸಮಯವನ್ನು ಅಂಟಿಸಿದರು. ಉಪಾಯವೇನೋ ಒಳ್ಳೆಯದೇ. ಆದರೆ ಸರ್ವರುಗಳು ನಾಲ್ಕಾರು ಇದ್ದು, ಒಂದೊಂದರಲ್ಲಿ ಒಂದೊಂದು ಸಮಯ ಬಿದ್ದಿದ್ದರೆ ಅದೇ ಫೈಲಿಗೆ ಬೇರೆ ಬೇರೆ ಗುರುತು!

ನಿಜವಾದ ತಿರುವು ಬಂದದ್ದು 2011ರ ಆಗಸ್ಟಿನಲ್ಲಿ, ರೈಲ್ಸ್ 3.1ರೊಡನೆ. ಸ್ಯಾಮ್ ಸ್ಟೀಫನ್ಸನ್ ಕಟ್ಟಿದ್ದ ಸ್ಪ್ರಾಕೆಟ್ಸ್ ಎಂಬ ಉಪಕರಣವನ್ನು ಒಳಗೆ ಸೇರಿಸಿಕೊಂಡು ‘ಅಸೆಟ್ ಪೈಪ್‌ಲೈನ್’ ಎಂಬ ವ್ಯವಸ್ಥೆ ಮಾಡಿದರು. ಅದು ಹತ್ತಾರು ಫೈಲುಗಳನ್ನು ಒಂದಾಗಿ ಹೊಲಿಯುತ್ತಿತ್ತು, ಬೇಡದ ಖಾಲಿ ಜಾಗ ಹಿಂಡುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಫೈಲಿನ ಒಳಗಿನ ಬರಹದಿಂದಲೇ ಗಣಿತದ ಸೂತ್ರದಂತೆ ಅಕ್ಷರ-ಅಂಕಿಗಳ ಉದ್ದನೆಯ ಸಾಲೊಂದನ್ನು ತೆಗೆದು ಹೆಸರಿಗೇ ಸೇರಿಸುತ್ತಿತ್ತು. ಇದಕ್ಕೆ ಬೆರಳ ಗುರುತು ಎಂದೇ ಹೆಸರು. ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆ. ಏನೂ ಬದಲಾಗದಿದ್ದರೆ ಯಾವ ಸರ್ವರಿನಲ್ಲಿ ಲೆಕ್ಕ ಹಾಕಿದರೂ ಅದೇ ಸಾಲು. ಆಗ ಬ್ರೌಸರಿಗೆ ‘ಇದನ್ನು ಒಂದು ವರ್ಷ ಇಟ್ಟುಕೋ’ ಎಂದು ಧೈರ್ಯವಾಗಿ ಹೇಳಬಹುದು. ತಿದ್ದಿದ ಫೈಲು ಹೊಸ ಹೆಸರಿನಲ್ಲಿ ಬರುವುದರಿಂದ ಹಳೆಯದನ್ನು ಎಬ್ಬಿಸುವ ಪ್ರಶ್ನೆಯೇ ಇಲ್ಲ. ನಮ್ಮ ಸುತ್ತೋಲೆಗಳಿಗೂ ಹೀಗೊಂದು ಇದ್ದಿದ್ದರೆ!

ಮುಂದಿನದು ಗೊಂದಲದ ಕಾಲ. ಜಾವಾಸ್ಕ್ರಿಪ್ಟಿನ ಲೋಕದಲ್ಲಿ ವೆಬ್‌ಪ್ಯಾಕ್ ಎಂಬ ಕಟ್ಟುವ ಯಂತ್ರ ಪ್ರಬಲವಾಯಿತು. 2017ರಲ್ಲಿ ರೈಲ್ಸ್ ಅದಕ್ಕೆ ವೆಬ್‌ಪ್ಯಾಕರ್ ಮೂಲಕ ಬಾಗಿಲು ತೆರೆಯಿತು. 2019ರಲ್ಲಿ ಜಾವಾಸ್ಕ್ರಿಪ್ಟಿಗೆ ಅದನ್ನೇ ರೂಢಿಯ ದಾರಿಯಾಗಿಸಿ, ಸ್ಟೈಲ್‌ಶೀಟನ್ನು ಸ್ಪ್ರಾಕೆಟ್ಸಿಗೇ ಬಿಟ್ಟಿತು. ಒಂದೇ ಅರ್ಜಿಗೆ ಎರಡು ಇಲಾಖೆ ಎಂದರೆ ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ತಟ್ಟೆ ಹಾಕಿ ಕರೆದರೆ ಮಕ್ಕಳು ‘ಬಿಲ್ಡ್ ಆಗುತ್ತಿದೆ, ತಾಳಮ್ಮ’ ಎನ್ನುವುದು ಇಂಥ ಯಂತ್ರಗಳ ಮುಂದೆ ಕುಳಿತೇ.

ಅಷ್ಟರಲ್ಲಿ ಕೆಳಗಿನ ನೆಲವೇ ಬದಲಾಗಿತ್ತು. 2015ರ ಎಚ್‌ಟಿಟಿಪಿ-2 ಒಂದೇ ಸಂಪರ್ಕದಲ್ಲಿ ಹಲವು ಫೈಲುಗಳನ್ನು ಒಟ್ಟಿಗೆ ಸಾಗಿಸಬಲ್ಲದು. ಸಾಲು ನಿಲ್ಲುವ ಕಷ್ಟ ಬಹುಮಟ್ಟಿಗೆ ತಗ್ಗಿತು. ಬಿಡಿಬಿಡಿ ಜಾವಾಸ್ಕ್ರಿಪ್ಟ್ ಫೈಲುಗಳನ್ನು ಜೋಡಿಸಿಕೊಳ್ಳುವುದನ್ನು ಬ್ರೌಸರುಗಳೇ ಕಲಿತವು. 2021ರ ಡಿಸೆಂಬರಿನಲ್ಲಿ ಬಂದ ರೈಲ್ಸ್ 7 ಜಾವಾಸ್ಕ್ರಿಪ್ಟನ್ನು ಕಟ್ಟದೆ ಬಿಡಿಯಾಗಿಯೇ ಕಳುಹಿಸುವುದನ್ನು ರೂಢಿ ಮಾಡಿತು. 2024ರ ರೈಲ್ಸ್ 8ರಲ್ಲಿ ಸ್ಪ್ರಾಕೆಟ್ಸಿನ ಜಾಗಕ್ಕೆ ಪ್ರಾಪ್‌ಶಾಫ್ಟ್ ಬಂತು. ಇದು ಹೊಲಿಯುವುದಿಲ್ಲ, ಹಿಂಡುವುದಿಲ್ಲ. ಫೈಲು ಹುಡುಕಿ, ಬೆರಳ ಗುರುತು ಒತ್ತಿ, ಸ್ಟೈಲ್‌ಶೀಟಿನೊಳಗೆ ಬರುವ ಹೆಸರುಗಳನ್ನು ಅದಕ್ಕೆ ತಕ್ಕಂತೆ ತಿದ್ದುತ್ತದೆ. 2011ರ ಅಷ್ಟು ದೊಡ್ಡ ಯಂತ್ರದಲ್ಲಿ ಬದುಕಿ ಉಳಿದದ್ದು ಆ ಗುರುತೇ.

ಮೊನ್ನೆ ಕುತೂಹಲಕ್ಕೆ ನಮ್ಮ ನಮೂನೆಯ ಪುಟದ ಮೂಲ ತೆರೆದು ನೋಡಿದೆ. ಲೆಕ್ಕದ ಫೈಲಿನ ಹೆಸರು ಇನ್ನೂ ಬೋಳಾಗಿಯೇ ಇದೆ, ಗುರುತಿಲ್ಲ. ಕಂಟ್ರೋಲ್, ಎಫ್-5 ಎಂದು ಚೀಟಿ ಬರೆದು ಮೇಜಿಗೆ ಅಂಟಿಸಿದ್ದೇನೆ; ಪಕ್ಕದವರಿಗೂ ಒಂದು ಕೊಟ್ಟೆ.